ಕೂತು ಓದುವಷ್ಟು ನೆರಳು ಬೇಕು: ದುರ್ಗದ ಗಾಳಿಗೆ, ಗರಸು ನೆಲಕ್ಕೆ ಯಾವ ಗಿಡ?

ಕೆಳಗೋಟೆ ಹಿತ್ತಲು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಕೆಳಗೋಟೆ ಕಡೆ ನಮ್ಮ ಮನೆ. ಮನೆ ಹಿಂದೆ ಪುಟ್ಟ ಹಿತ್ತಲಿದೆ, ಉದ್ದ 24 ಅಡಿ, ಅಗಲ 16 ಅಡಿ. ಅಲ್ಲಿ ಮಧ್ಯಾಹ್ನ ಕೂತು ಓದಲು ನೆರಳು ಬೇಕು. ಯಾವ ಗಿಡ ಹಾಕಲಿ, ಎಲ್ಲಿ ಹಾಕಲಿ ಅಂತ ಕೇಳಲು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ನಾನು ಭಾನುವಾರ ಅಲ್ಲಿ ಏನು ಮಾಡುತ್ತೇನೆ ಅಂತ ಹೇಳದೆ ಸುಮ್ನೆ ‘ನೆರಳಿನ ಗಿಡ ಹೇಳಿ’ ಅಂದರೆ ನಿಮಗೂ ಹೇಳುವುದು ಕಷ್ಟ ಅಲ್ವಾ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ವಾರವಿಡೀ ಮಾತು. ಆರ್.ಡಿ. ಕಟ್ಟುವವರು, ಸ್ಪೀಡ್ ಪೋಸ್ಟ್ ಎಲ್ಲಿಗೆ ಬಂತು ಅಂತ ಕೇಳುವವರು, ಪಾಸ್‌ಬುಕ್ ಎಂಟ್ರಿ ಮಾಡಿಸಲು ಬರುವ ಅಜ್ಜಿಯರು. ಅವರ ಜೊತೆ ಮಾತಾಡುವುದು ನನಗೆ ಇಷ್ಟವೇ. ಆದರೆ ಭಾನುವಾರ ಮಾತು ಬೇಡ. ನಮ್ಮನೆಯವರು ಅತ್ತೆಯನ್ನು ನೋಡಲು ಹೊಳಲ್ಕೆರೆಗೆ ಹೋಗುತ್ತಾರೆ. ಮಗಳು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ, ರಾತ್ರಿ ಫೋನ್ ಮಾಡುತ್ತಾಳೆ. ಅಲ್ಲಿವರೆಗೆ ಮೊಬೈಲ್ ಅಡುಗೆಮನೆಯ ಗೂಡಿನಲ್ಲಿರುತ್ತದೆ. ನಾನು ಹಿತ್ತಲಲ್ಲಿರುತ್ತೇನೆ.

ಬೆಳಗ್ಗೆ ಮೊದಲು ನೀರು. ಪೈಪ್ ಹಿಡಿಯುವುದಿಲ್ಲ. ನಮಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದು, ತರಕಾರಿ ತೊಳೆದದ್ದು, ಅಕ್ಕಿ ತೊಳೆದದ್ದು ಎಲ್ಲಾ ಸೇರಿಸಿ ಚೊಂಬಿನಲ್ಲಿ ಹಾಕುತ್ತೇನೆ. ಚೊಂಬಿನಲ್ಲಿ ಹಾಕಬೇಕಾದರೆ ಒಂದೊಂದು ಬುಡಕ್ಕೂ ಬಗ್ಗಬೇಕು. ಬಗ್ಗಿದಾಗಲೇ ಗಿಡ ಸರಿಯಾಗಿ ಕಾಣುವುದು. ಹೋದ ವಾರ ದಾಸವಾಳದ ಕಾಂಡದ ಮೇಲೆ ಕಪ್ಪು ಇರುವೆಗಳ ಸಾಲು ಹತ್ತುತ್ತಿತ್ತು. ಸಾಲಿನ ಜಾಡು ಹಿಡಿದು ಮೇಲೆ ನೋಡಿದರೆ, ಎಳೆ ಕುಡಿಯ ಮಡಿಕೆಯಲ್ಲಿ, ಮೊಗ್ಗಿನ ತೊಟ್ಟಿನ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ. ಈ ತಿಗಣೆ ರಸ ಹೀರಿ ಅಂಟು ಅಂಟಾದ ಸಿಹಿ ಬಿಡುತ್ತದೆ. ಆ ಸಿಹಿಗೆ ಇರುವೆ ಬರುತ್ತದೆ, ತಿಗಣೆಯನ್ನು ತಿನ್ನಲು ಬರುವ ಹುಳುಗಳನ್ನು ಓಡಿಸಿ ಅದನ್ನು ಕಾಯುತ್ತದೆ. ಹಳೆ ಪಂಚೆಯ ಚೂರನ್ನು ಸೋಪಿನ ನೀರಿಗೆ ಎರಡು ಹನಿ ಬೇವಿನೆಣ್ಣೆ ಹಾಕಿ ಅದ್ದಿ, ಒಂದೊಂದೇ ಕುಡಿ ಒರೆಸಿದೆ. ಇರುವೆಗಳು ಸ್ವಲ್ಪ ಹೊತ್ತು ಅಲ್ಲಲ್ಲೇ ಸುತ್ತಿ ಆಮೇಲೆ ಇಳಿದುಹೋದವು. ಆ ಹೊತ್ತಿಗೆ ಸೂರಕ್ಕಿ ಬಂದು, ನಾನು ಅಲ್ಲೇ ನಿಂತಿದ್ದರೂ ಲೆಕ್ಕಿಸದೆ, ದಾಸವಾಳ ಹೂವಿನ ಬುಡಕ್ಕೆ ಪಕ್ಕದಿಂದ ಕೊಕ್ಕು ಚುಚ್ಚಿ ಮಕರಂದ ಹೀರಿ ಹೋಯಿತು. ಹೂವಿನ ಬಾಯಿಯ ಕಡೆಗೆ ಹೋಗಲೇ ಇಲ್ಲ.

ಕರಿಬೇವು, ದುಂಡುಮಲ್ಲಿಗೆ, ಕನಕಾಂಬರ, ಬದನೆ, ಮೆಣಸಿನಗಿಡ, ಎರಡು ಸಾಲು ಮೆಂತ್ಯ. ಇಷ್ಟೇ ನನ್ನ ತೋಟ. ಕಳೆ ಕಿತ್ತು, ಮಣ್ಣು ಸಡಿಲ ಮಾಡಿ, ಮಂಡಕ್ಕಿ ಒಗ್ಗರಣೆ ತಿಂದು ಟೀ ಕುಡಿದರೆ ಒಂಬತ್ತು ಗಂಟೆ. ಆಮೇಲೆ ಬೆತ್ತದ ಕುರ್ಚಿ ಹೊರಗೆ ಹಾಕಿಕೊಂಡು ಕೂರುತ್ತೇನೆ.

ಈಗ ಓದುತ್ತಿರುವುದು ಜಿಲ್ಲಾ ಗ್ರಂಥಾಲಯದಿಂದ ತಂದ, ನಮ್ಮ ದುರ್ಗದ ಇತಿಹಾಸದ ಪುಸ್ತಕ. ಅದರಲ್ಲಿ ಚಂದ್ರವಳ್ಳಿಯ ಭಾಗವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಚಿಕ್ಕವಳಿದ್ದಾಗಿನಿಂದ ಸುತ್ತಾಡಿದ ಜಾಗ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅಲ್ಲಿ ಅಗೆಸಿದ್ದು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದ್ದು, ಶಾತವಾಹನರ ನಾಣ್ಯದ ಜೊತೆ ರೋಮ್‌ನ ಬೆಳ್ಳಿ ನಾಣ್ಯಗಳೂ ಸಿಕ್ಕಿದ್ದು, ಎಲ್ಲಾ ಇದೆ. ನನಗೆ ಅದಕ್ಕಿಂತ ಹಿಡಿಸಿದ್ದು ನೀರಿನ ಸಂಗತಿ. ಅಲ್ಲಿನ ಬಂಡೆಯ ಮೇಲಿರುವ ಮಯೂರಶರ್ಮನ ಶಾಸನ ಹೇಳುವುದು ಒಂದು ಕೆರೆ ಕಟ್ಟಿಸಿದ ವಿಷಯ. ಕದಂಬ ರಾಜ್ಯ ಕಟ್ಟಿದವನ ಶಾಸನ ಕೆರೆಯ ಬಗ್ಗೆ ಇದೆ ಅಂದರೆ, ಈ ನೆಲದಲ್ಲಿ ನೀರಿಗೆ ಆಗಲೂ ಎಷ್ಟು ಬೆಲೆ ಇತ್ತು ನೋಡಿ. ಆಮೇಲೆ ಬಂದ ಪಾಳೆಯಗಾರರೂ ಅಷ್ಟೇ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಊರಲ್ಲಿ ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲಿನದು ತುಂಬಿದರೆ ಕೆಳಗಿನದಕ್ಕೆ ಇಳಿಯುವ ಹಾಗೆ ಮಾಡಿದ್ದಾರೆ. ಅದನ್ನು ಓದಿ ತಲೆ ಎತ್ತಿದರೆ ಎದುರಿಗೆ ನನ್ನ ಡ್ರಮ್ಮು, ಚೊಂಬು, ಒದ್ದೆ ಬುಡದ ಬದನೆ. ಓದಿದ್ದಕ್ಕೂ ಕೈಯಲ್ಲಿ ಮಾಡಿದ್ದಕ್ಕೂ ಆಗ ನಂಟು ಬೆಳೆಯುತ್ತದೆ. ನನಗೆ ಬೇಕಾಗಿರುವುದು ಅದೇ.

ಈಗ ತೊಂದರೆ ಹೇಳುತ್ತೇನೆ. ಮನೆ ಪೂರ್ವಕ್ಕೆ ಮುಖ ಮಾಡಿದೆ, ಹಿತ್ತಲು ಪಶ್ಚಿಮಕ್ಕೆ. ಹತ್ತೂವರೆವರೆಗೆ ಮನೆಯದೇ ನೆರಳು ಬೀಳುತ್ತದೆ, ಸುಖವಾಗಿರುತ್ತದೆ. ಆಮೇಲೆ ಬಿಸಿಲು ಕುರ್ಚಿಯನ್ನು ಗೋಡೆಗೆ ತಳ್ಳುತ್ತಾ ಹೋಗುತ್ತದೆ. ಊಟ ಆದ ಮೇಲೆ, ನಿಜವಾಗಿ ಓದುವ ಹೊತ್ತಿಗೆ, ಇಡೀ ಹಿತ್ತಲು ಕಾದಿರುತ್ತದೆ. ಪಶ್ಚಿಮಕ್ಕೆ ಐದು ಅಡಿ ಕಾಂಪೌಂಡ್, ಅದರಾಚೆ ಖಾಲಿ ಸೈಟು, ತಡೆಯುವುದು ಏನೂ ಇಲ್ಲ. ಗಾಳಿಯೂ ಅದೇ ಕಡೆಯಿಂದ. ಜೋಗಿಮಟ್ಟಿ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ನಾನು ಪುಟಕ್ಕೆ ಬಟ್ಟೆ ಕ್ಲಿಪ್ ಹಾಕಿಕೊಂಡು ಓದುತ್ತೇನೆ.

ಮಣ್ಣು ಮೇಲೆ ಒಂದು ಅಡಿ ಕೆಂಪು, ಕೆಳಗೆ ಗರಸು. ಹಾರೆ ಹಾಕಿದರೆ ಠಣ್ ಅನ್ನುತ್ತದೆ. ನೀರಿನ ಸಂಪು ವಾಯವ್ಯ ಮೂಲೆಯಲ್ಲಿದೆ. ಅದರಿಂದ ದೂರ ಇರಲಿ ಅಂತ ನೈಋತ್ಯ ಮೂಲೆಯಲ್ಲಿ ಒಂದು ಗಿಡ ಹಾಕೋಣ ಅಂದುಕೊಂಡಿದ್ದೇನೆ. ನುಗ್ಗೆ ಬೇಗ ಬರುತ್ತದೆ ಅಂತಾರೆ. ಹೊಂಗೆ ತಂಪು ಅಂತಾರೆ. ಯಾವುದು ಸರಿ? ಗಿಡ ದೊಡ್ಡದಾಗುವವರೆಗೆ ಏನು ಮಾಡಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಎರೆಮಣ್ಣು, ದಾವಣಗೆರೆ

ಮೇಡಂ, ನನ್ನ ಓಟು ಹೊಂಗೆಗೆ. ನಿಟ್ಟುವಳ್ಳಿಯಲ್ಲಿ ನಮ್ಮ ಮನೆ ಮುಂದೆ ಒಂದಿದೆ. ಶಿವರಾತ್ರಿ ಸುತ್ತಮುತ್ತ ಎಲೆ ಉದುರಿಸುತ್ತದೆ, ಯುಗಾದಿ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡು ಬಿಸಿಲು ಜೋರಾಗುವಾಗ ಪೂರ್ತಿ ನೆರಳು ಕೊಡುತ್ತದೆ. ನಮಗೆ ನೆರಳು ಬೇಕಾದಾಗಲೇ ಎಲೆ ಇರುವ ಮರ ಅದು. ನೀರು ಕೇಳುವುದಿಲ್ಲ, ದನ ಮೇಯುವುದಿಲ್ಲ. ಬೀಜ ಹಾಕಿದರೂ ಹುಟ್ಟುತ್ತದೆ. ಬೇಸಿಗೆಯಲ್ಲಿ ಅದರ ಹೂವು ಉದುರಿ ನೆಲವೆಲ್ಲ ತುಂಬಿರುತ್ತದೆ, ಗುಡಿಸಲು ಮನಸ್ಸು ಬರುವುದಿಲ್ಲ.

ಒಂದೇ ಮಾತು, ನಮ್ಮದು ರಸ್ತೆ ಬದಿ, ಜಾಗ ಜಾಸ್ತಿ. ಮಣ್ಣೂ ಎರೆ. ನಿಮ್ಮ 16 ಅಡಿಯಲ್ಲಿ ಅದು ಹೇಗೆ ಅಂತ ಬೇರೆಯವರು ಹೇಳಲಿ.

ವೇದಾವತಿ ದಂಡೆ, ಹಿರಿಯೂರು

ಅಕ್ಕಾ, ಹೊಂಗೆ ಒಳ್ಳೆ ಮರ, ಆದರೆ ನಿಮ್ಮ ಹಿತ್ತಲಿಗೆ ಬೇಡ. ಹತ್ತು ವರ್ಷದಲ್ಲಿ ಅದು ಮನೆಯ ಮೇಲೆ, ಪಕ್ಕದ ಸೈಟಿನ ಮೇಲೆ, ಎರಡೂ ಕಡೆ ಹರಡುತ್ತದೆ. ಆ ಸೈಟಿನವರು ಮನೆ ಕಟ್ಟಲು ಬಂದ ದಿನ ಅರ್ಧ ಮರ ಕಡಿಯಬೇಕಾಗುತ್ತದೆ. ಬೆಳೆದ ಮರ ಕಡಿಯುವ ನೋವು ಬೇಡ.

ನುಗ್ಗೆ ಅಂತೂ ಹಾಕಲೇಬೇಡಿ. ಅದರ ಕೊಂಬೆ ಮೆದು, ಆಷಾಢದ ಗಾಳಿಗೆ ಲಟಕ್ ಅಂತ ಮುರಿಯುತ್ತದೆ. ಅದಕ್ಕಿಂತ ಜಾಸ್ತಿ, ಕಂಬಳಿಹುಳ. ಮಳೆ ಬಿದ್ದ ಮೇಲೆ ನುಗ್ಗೆ ಬೊಡ್ಡೆಗೆ ಗುಂಪು ಗುಂಪಾಗಿ ಹತ್ತಿಕೊಂಡು ಕೂತಿರುತ್ತವೆ. ಅದರ ಕೆಳಗೆ ಕೂತು ಪುಸ್ತಕ ಓದುವ ಮಾತೇ ಇಲ್ಲ, ಮೈಯೆಲ್ಲ ತುರಿಕೆ. ನುಗ್ಗೆಕಾಯಿ ಬೇಕಿದ್ದರೆ ಸಂತೆಯಲ್ಲಿ ತೆಗೆದುಕೊಳ್ಳಿ.

ನಾನು ಹೇಳುವುದು ಪೇರಲ. ನಮ್ಮದು ದಾಳಿಂಬೆ ತೋಟ, ಬದುವಿನಲ್ಲಿ ಪೇರಲ ಹಾಕಿದ್ದೇವೆ. ಗರಸು ನೆಲಕ್ಕೂ ಒಗ್ಗುತ್ತದೆ. ಕೊಂಬೆ ಬಗ್ಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ವರ್ಷವಿಡೀ ಎಲೆ ಇರುತ್ತದೆ. ಕತ್ತರಿಸುತ್ತಾ ಹೋದರೆ 12 ಅಡಿ ಎತ್ತರದಲ್ಲೇ ನಿಲ್ಲಿಸಬಹುದು. ನರ್ಸರಿಯಲ್ಲಿ ಕಸಿ ಗಿಡ ತನ್ನಿ, ಬೀಜದ್ದು ಬೇಡ. ಹಣ್ಣಿಗಾಗಿ ಬೆಳೆಸುವವರು ಚಿಕ್ಕದರಲ್ಲೇ ಕುಡಿ ಚಿವುಟಿ ಪೊದೆ ಮಾಡುತ್ತಾರೆ. ನಿಮಗೆ ಕೆಳಗೆ ಕುರ್ಚಿ ಹಾಕಬೇಕು. ಅದಕ್ಕೆ ಒಂದೇ ಬೊಡ್ಡೆ ಬಿಟ್ಟು, ಐದು ಅಡಿವರೆಗೆ ಪಕ್ಕದ ಕವಲು ತೆಗೆಯುತ್ತಾ ಹೋಗಿ. ಅಲ್ಲಿಂದ ಮೇಲೆ ಮೂರ್ನಾಲ್ಕು ಕವಲು ಕೊಡೆ ಹಾಗೆ ಹರಡಲಿ.

ಗುಂಡಿಯ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಮ್ಮ ಕಡೆ ಗಿಡ ಬದುಕುವುದು ಸಾಯುವುದು ಅದರಲ್ಲೇ ಇದೆ. ಈಗ ಬೇಸಿಗೆಯಲ್ಲೇ ತೆಗೆಸಿ. 2 ಅಡಿ ಉದ್ದ, 2 ಅಡಿ ಅಗಲ ಸಾಕು, ಆಳ ಮಾತ್ರ 3 ಅಡಿ ಇರಲಿ. ಮೇಲಿನ ಕೆಂಪು ಮಣ್ಣು ಒಂದು ಕಡೆ, ಗರಸು ಒಂದು ಕಡೆ ಹಾಕಿಸಿ, ಬೆರೆಸಬೇಡಿ. ತಳದಲ್ಲಿ ಗರಸು ಗಟ್ಟಿ ಇದ್ದರೆ ಹಾರೆಯಿಂದ ಇನ್ನಷ್ಟು ಕುಟ್ಟಿ ಬಿರುಕು ಬಿಡಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಗುಂಡಿ ಹಾಗೇ ಬಿಸಿಲಿಗೆ ಬಿದ್ದಿರಲಿ. ತುಂಬುವಾಗ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕೆ.ಜಿ. ಬೇವಿನ ಹಿಂಡಿ. ಕುರಿ ಗೊಬ್ಬರ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಹಸಿಯದು ಬೇಡ, ಹಳೆಯದು ಇರಬೇಕು. ಹಸಿಯದರ ಕಾವಿಗೆ ಎಳೆ ಬೇರು ಸುಟ್ಟುಹೋಗುತ್ತದೆ.

ನೆಡುವುದು ಯಾವಾಗ? ಮುಂಗಾರು ಶುರುವಾದ ತಕ್ಷಣ ಅಂತ ಎಲ್ಲರೂ ಹೇಳುತ್ತಾರೆ. ಮಲೆನಾಡಿಗೆ ಅದು ಸರಿ. ನಮ್ಮಲ್ಲಿ ಜೂನ್, ಜುಲೈನಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ. ನಮ್ಮ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಅದಕ್ಕೆ ಆಷಾಢದ ಗಾಳಿ ದಾಟಲಿ, ಶ್ರಾವಣ ಕಳೆಯುತ್ತಾ ನೆಡಿ. ಹುಬ್ಬೆ, ಉತ್ತರೆ ಮಳೆಗೆ ಬೇರು ಹಿಡಿಯುತ್ತದೆ, ಹಸ್ತ, ಚಿತ್ತಾ ಮಳೆಗೆ ಚಿಗುರುತ್ತದೆ. ಎರಡು ಗೂಟ ನೆಟ್ಟು ಹಳೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬುಡಕ್ಕೆ ಶೇಂಗಾ ಹೊಟ್ಟು ಹರಡಿ, ಚಳ್ಳಕೆರೆ ಕಡೆಯವರು ಯಾರಾದರೂ ಇದ್ದರೆ ಒಂದು ಚೀಲ ತರಿಸಿಕೊಳ್ಳಿ. ಹಾಕಿದ ಚೊಂಬು ನೀರು ಎರಡು ದಿನ ಆರುವುದಿಲ್ಲ.

ನೆರಳಿನ ಮೇಷ್ಟ್ರು, ದಾವಣಗೆರೆ

ನೋಡಮ್ಮ, ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವನು, ಈಗ ನಿವೃತ್ತ. ಗಿಡದ ಜಾತಿ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಜಾಗದ ಬಗ್ಗೆ ಹೇಳುತ್ತೇನೆ. ನೈಋತ್ಯ ಮೂಲೆ ಬೇಡ.

ಚಿತ್ರದುರ್ಗ ಇರುವುದು ಉತ್ತರ ಅಕ್ಷಾಂಶ 14 ಡಿಗ್ರಿಗಿಂತ ಸ್ವಲ್ಪ ಮೇಲೆ. ಹಾಗಾಗಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಒಮ್ಮೆ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡರ ನಡುವೆ, ಅಂದರೆ ಮೇ, ಜೂನ್, ಜುಲೈನಲ್ಲಿ, ನಿಮ್ಮ ಊರಿಗೆ ಸೂರ್ಯ ಉತ್ತರಕ್ಕಿರುತ್ತಾನೆ. ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿರುತ್ತಾನೆ ಅಂತ ಬಹಳ ಜನ ತಿಳಿದಿರುತ್ತಾರೆ, ಅದು ಚಳಿಗಾಲದ ಮಾತು. ಇನ್ನೊಂದು, ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ನಮ್ಮಲ್ಲಿ ಸೂರ್ಯ ನಡು ನೆತ್ತಿಗೆ ಬರುವುದು 12ಕ್ಕಲ್ಲ, 12.20 ದಾಟಿದ ಮೇಲೆ. ಅದಕ್ಕೇ ನಿಮ್ಮ ಮಧ್ಯಾಹ್ನದ ಬಿಸಿಲು ಅಷ್ಟು ಹೊತ್ತು ಉಳಿಯುವುದು.

ಈಗ ಲೆಕ್ಕ. ಏಪ್ರಿಲ್ ಕೊನೆಯಲ್ಲಿ ಸಂಜೆ 4 ಗಂಟೆಗೆ 10 ಅಡಿ ಎತ್ತರದ ಗಿಡದ ನೆರಳು ಹೆಚ್ಚುಕಡಿಮೆ ನೇರ ಪೂರ್ವಕ್ಕೆ, ಸುಮಾರು 13 ಅಡಿ ಬೀಳುತ್ತದೆ. ಮೇ ತಿಂಗಳು ಮುಂದೆ ಹೋದ ಹಾಗೆ ಅದು ಸ್ವಲ್ಪ ದಕ್ಷಿಣಕ್ಕೆ ತಿರುಗುತ್ತದೆ. ನೈಋತ್ಯ ಮೂಲೆಯಲ್ಲಿ ಗಿಡ ಇದ್ದರೆ, ನಿಮಗೆ ಬಹಳ ಬೇಕಾದ ತಿಂಗಳಲ್ಲೇ ಅರ್ಧ ನೆರಳು ದಕ್ಷಿಣದ ಕಾಂಪೌಂಡ್ ಆಚೆ ಹೋಗುತ್ತದೆ. ಪಶ್ಚಿಮ ಗೋಡೆಯ ನಡು ಭಾಗದಲ್ಲಿ ನೆಟ್ಟರೆ ಪೂರ್ತಿ ಹಿತ್ತಲಿನೊಳಗೇ ಬೀಳುತ್ತದೆ. ಡಿಸೆಂಬರ್‌ನಲ್ಲಿ ಅದೇ ಹೊತ್ತಿಗೆ ನೆರಳು 20 ಅಡಿಗೂ ಜಾಸ್ತಿ ಉದ್ದವಾಗಿ ಈಶಾನ್ಯಕ್ಕೆ ಹೋಗುತ್ತದೆ. ಆಗ ಬಿಸಿಲೇ ಹಿತವಾಗಿರುತ್ತದೆ, ಚಿಂತೆ ಇಲ್ಲ.

ನನ್ನ ಲೆಕ್ಕವನ್ನು ಹಾಗೇ ನಂಬಬೇಡಿ. ಹತ್ತು ಅಡಿಯ ಒಂದು ಗಳ ತಂದು ಪಶ್ಚಿಮ ಗೋಡೆಗೆ ಒರಗಿಸಿ ನೆಟ್ಟಗೆ ಕಟ್ಟಿ. ಭಾನುವಾರ 2, 3, 4, 5 ಗಂಟೆಗೆ ನೆರಳಿನ ತುದಿಗೆ ಒಂದೊಂದು ಕಲ್ಲು ಇಡಿ. ಕುರ್ಚಿ ಎಲ್ಲಿ ಬರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಹಂದರದ ತೊಂಡೆ, ಹೊಸದುರ್ಗ

ಮರ ಬೆಳೆಯುವವರೆಗೆ ಏನು ಮಾಡಲಿ ಅಂತ ಕೇಳಿದ್ದೀರಿ, ಅದಕ್ಕೆ ಇನ್ನೂ ಯಾರೂ ಹೇಳಿಲ್ಲ. ತೊಂಡೆ ಹಂದರ ಹಾಕಿ ಅಕ್ಕಾ. ಮನೆಯ ಗೋಡೆಗೆ ಸೇರಿದ ಹಾಗೆ 8 ಅಡಿಗೆ 8 ಅಡಿ ಸಾಕು. ನಾಲ್ಕು ಕಬ್ಬಿಣದ ಪೈಪು, ಮೇಲೆ ತಂತಿ ಒಂದೊಂದು ಅಡಿಗೆ ಅಡ್ಡ ಉದ್ದ. ಹಸಿರು ನೆಟ್ ಕಟ್ಟಬೇಡಿ, ದುರ್ಗದ ಗಾಳಿ ಅದರೊಳಗೆ ತುಂಬಿಕೊಂಡು ಪೈಪನ್ನೇ ಕಿತ್ತು ಹಾಕುತ್ತದೆ. ಬಳ್ಳಿಯ ಎಲೆ ನಡುವೆ ಗಾಳಿ ದಾಟಿಹೋಗುತ್ತದೆ.

ತೊಂಡೆ ಬೀಜದಿಂದ ಬೇಡ. ಅದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಕಾಯಿ ಬಿಡುವ ಬಳ್ಳಿಯಿಂದಲೇ ಪೆನ್ಸಿಲ್ ದಪ್ಪದ ತುಂಡು, ಮೂರು ನಾಲ್ಕು ಗೆಣ್ಣು ಇರುವ ಹಾಗೆ ಕತ್ತರಿಸಿ ಹಾಕಬೇಕು. ಎರಡು ಗೆಣ್ಣು ಮಣ್ಣಿನೊಳಗೆ ಇರಲಿ. ಮೊದಲ ಮಳೆಗೆ ಹಾಕಿದರೆ ಎರಡು, ಎರಡೂವರೆ ತಿಂಗಳಲ್ಲಿ ಹಂದರ ಹತ್ತಿ ಕಾಯಿ ಶುರು. ಒಮ್ಮೆ ಹಾಕಿದರೆ ವರ್ಷಗಟ್ಟಲೆ ಇರುತ್ತದೆ. ನಾನು ಅದರ ಕೆಳಗೆ ಕೂತೇ ಕಾಳು ಬಿಡಿಸುವುದು, ಪೇಪರ್ ಓದುವುದು. ಈ ಬೇಸಿಗೆಗೆ ಮಾತ್ರ ತಂತಿ ಮೇಲೆ ತೆಂಗಿನ ಗರಿ ಹಾಕಿಕೊಳ್ಳಿ.

ಮೂರನೇ ಮಹಡಿ, ದಾವಣಗೆರೆ

ಇಷ್ಟೆಲ್ಲಾ ಯಾಕೆ ಮೇಡಂ? ಬೆಳಗ್ಗೆ ಗಿಡದ ಕೆಲಸ ಮುಗಿಸಿ, ಮಧ್ಯಾಹ್ನ ಒಳಗೆ ಫ್ಯಾನ್ ಕೆಳಗೆ ಕೂತು ಓದಬಹುದಲ್ಲ. ನಾನು ಬಾಡಿಗೆ ಮನೆಯಲ್ಲಿದ್ದೇನೆ, ಬಾಲ್ಕನಿಯಲ್ಲಿ ಆರು ಕುಂಡ. ಓದುವುದು ಒಳಗೆ ಮಂಚದ ಮೇಲೆ. ಏನೂ ಕಡಿಮೆ ಅನ್ನಿಸಿಲ್ಲ. ಟೀಕೆ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ಕೆಳಗೋಟೆ ಹಿತ್ತಲು, ಚಿತ್ರದುರ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಚೆನ್ನಾಗಿ ಕೂತು ಬರೆದಿದ್ದೀರಿ, ನನಗೆ ಖುಷಿ ಆಗಿದೆ.

ಮೊದಲು ಮೂರನೇ ಮಹಡಿಯವರಿಗೆ. ನಿಮ್ಮ ಪ್ರಶ್ನೆ ಸರಿಯಾಗಿದೆ. ಒಳಗೂ ಓದುತ್ತೇನೆ, ಮಳೆ ಬಂದಾಗ, ರಾತ್ರಿ ಹೊತ್ತು. ಆದರೆ ಒಳಗೆ ಕೂತರೆ ನನ್ನ ಕಣ್ಣು ಮನೆಗೆಲಸದ ಮೇಲೆ ಹೋಗುತ್ತದೆ. ಮಡಚಬೇಕಾದ ಬಟ್ಟೆ, ತಿಕ್ಕಬೇಕಾದ ಪಾತ್ರೆ, ನೆನೆಸಬೇಕಾದ ಅಕ್ಕಿ. ಎರಡು ಪುಟಕ್ಕೊಮ್ಮೆ ಎದ್ದುಬಿಡುತ್ತೇನೆ. ಮನೆ ನಡೆಸುವ ಹೆಂಗಸರಿಗೆ ಇದು ಗೊತ್ತಿರುತ್ತದೆ, ಮನೆಯೊಳಗೆ ಬಿಡುವು ಅನ್ನುವುದು ಇರುವುದೇ ಇಲ್ಲ. ಹಿತ್ತಲಲ್ಲಿ ಕೂತರೂ ಕೆಲಸ ಕಾಣುತ್ತದೆ. ಬದನೆಗೆ ಆಸರೆ ಕೋಲು ಕೊಡಬೇಕು, ಮೆಂತ್ಯ ಕೀಳಬೇಕು. ಆದರೆ ಗಿಡದ ಕೆಲಸ ಕಾಯುತ್ತದೆ. ಈ ಅಧ್ಯಾಯ ಮುಗಿಸಿ ಬರುತ್ತೇನೆ ಅಂದರೆ ಬದನೆ ಬೇಜಾರು ಮಾಡಿಕೊಳ್ಳುವುದಿಲ್ಲ. ಓದು ಸಾಕಾದಾಗ ಎದ್ದು ಹತ್ತು ನಿಮಿಷ ಮಣ್ಣು ಕೆದಕಿದರೆ ಓದಿದ್ದು ತಲೆಯಲ್ಲಿ ಕೂರುತ್ತದೆ. ನಿಮ್ಮ ಆರು ಕುಂಡದ ಪಕ್ಕ ಒಂದು ಮಣೆ ಹಾಕಿಕೊಂಡು ಒಮ್ಮೆ ಓದಿ ನೋಡಿ.

ಮೇಷ್ಟ್ರೇ, ನೀವು ಹೇಳಿದ ಹಾಗೇ ಈ ಭಾನುವಾರ ಬಟ್ಟೆ ಒಣಗಿಸುವ ಗಳ ತಂದು ಪಶ್ಚಿಮ ಗೋಡೆಯ ನಡುವೆ ಕಟ್ಟಿದೆ. ಗಳ ಹತ್ತು ಅಡಿ ಇರಲಿಲ್ಲ, ಎಂಟು ಅಡಿ ಇತ್ತು, ಆದರೂ ವಿಷಯ ತಿಳಿಯಿತು. ಕುರ್ಚಿಯಲ್ಲಿ ಕೂತು, ಗಂಟೆಗೊಮ್ಮೆ ಎದ್ದು ತುದಿಗೆ ಕಲ್ಲು ಇಟ್ಟೆ. ಎರಡು ಗಂಟೆಯ ಕಲ್ಲು ಗಳದ ಹತ್ತಿರವೇ ಇತ್ತು. ನಾಲ್ಕರದ್ದು ಮಲ್ಲಿಗೆ ಬಳ್ಳಿ ದಾಟಿತ್ತು. ಐದರದ್ದು ಮನೆಯ ಗೋಡೆಯನ್ನೇ ಹತ್ತಿತ್ತು, ಅಲ್ಲಿ ಕಲ್ಲು ಇಡಲು ಆಗದೆ ಸೀಮೆಸುಣ್ಣದಲ್ಲಿ ಗೀಟು ಎಳೆದೆ. ಕಲ್ಲುಗಳ ಸಾಲು ನೀವು ಹೇಳಿದ ಹಾಗೇ ಸ್ವಲ್ಪ ದಕ್ಷಿಣಕ್ಕೆ ವಾಲಿತ್ತು. ನೈಋತ್ಯ ಮೂಲೆಯ ಯೋಚನೆ ಬಿಟ್ಟೆ. ಶಾಲೆಯಲ್ಲಿ ಅಕ್ಷಾಂಶ, ರೇಖಾಂಶ ಬಾಯಿಪಾಠ ಮಾಡಿದ್ದೆ. ಅದು ನನ್ನ ಹಿತ್ತಲಿನಲ್ಲಿ ಕಲ್ಲಿನ ಸಾಲಾಗಿ ಬಿದ್ದಿದ್ದನ್ನು ನೋಡಿ ಬಹಳ ಸಂತೋಷವಾಯಿತು. ಸಂಜೆ ಮಗಳಿಗೆ ಫೋಟೋ ಕಳಿಸಿದೆ.

ವೇದಾವತಿ ದಂಡೆಯವರೇ, ನೀವು ಹೇಳಿದ್ದೇ ಸರಿ, ಪೇರಲ ಹಾಕುತ್ತೇನೆ. ಗುಂಡಿ ತೆಗೆಯಲು ನಮ್ಮನೆಯವರು ಹೊಳಲ್ಕೆರೆ ಪ್ರಯಾಣ ಒಂದು ವಾರ ಮುಂದೆ ಹಾಕಿದ್ದಾರೆ. ಕೆಂಪು ಮಣ್ಣು, ಗರಸು ಬೇರೆ ಬೇರೆ ಹಾಕಲು ಎರಡು ಗೋಣಿ ತಾಟು ಎತ್ತಿಟ್ಟಿದ್ದೇನೆ. ನನ್ನ ಕಚೇರಿಗೆ ಚಳ್ಳಕೆರೆಯಿಂದ ಓಡಾಡುವವರೊಬ್ಬರಿದ್ದಾರೆ, ಶೇಂಗಾ ಹೊಟ್ಟಿಗೆ ಹೇಳಿದ್ದಾಯಿತು. ನಿಮಗೆ ಒಂದು ಪ್ರಶ್ನೆ: ಸಂಪು ಆ ಜಾಗದಿಂದ 12 ಅಡಿ ದೂರ ಆಗುತ್ತದೆ. ಪೇರಲ ಬೇರಿನಿಂದ ತೊಂದರೆ ಇಲ್ಲ ಅಲ್ವಾ?

ಎರೆಮಣ್ಣು ಅವರೇ, ಹೊಂಗೆಯ ಆಸೆ ಪೂರ್ತಿ ಬಿಟ್ಟಿಲ್ಲ. ಮನೆ ಮುಂದಿನ ರಸ್ತೆ ಬದಿಯಲ್ಲಿ ಒಂದಕ್ಕೆ ಜಾಗ ಇದೆ, ಮೇಲೆ ಕರೆಂಟ್ ತಂತಿಯೂ ಇಲ್ಲ. ನಿಮ್ಮ ಮರದ ಬೀಜ ಸಿಕ್ಕರೆ ಕಳಿಸಿಕೊಡಿ, ಅಂಚೆಯಲ್ಲೇ ಹಾಕಿ.

ವೇದಾವತಿ ದಂಡೆ, ಹಿರಿಯೂರು

ಸಂಪು ಸೋರದೆ ಇದ್ದರೆ ಏನೂ ಆಗುವುದಿಲ್ಲ ಅಕ್ಕಾ. ಬೇರು ನೀರಿನ ಪಸೆ ಹುಡುಕಿಕೊಂಡು ಹೋಗುತ್ತದೆ. ಸೋರುತ್ತಿದ್ದರೆ ಮೊದಲು ಅದನ್ನು ಪ್ಲಾಸ್ಟರ್ ಮಾಡಿಸಿ. ಪೇರಲ ಆಲದ ಹಾಗೆ ಗೋಡೆ ಒಡೆಯುವ ಜಾತಿ ಅಲ್ಲ.

ಇನ್ನೊಂದು ಮರೆತೆ. ಮಳೆಗಾಲದ ಪೇರಲ ಹಣ್ಣಿಗೆ ನೊಣ ಮೊಟ್ಟೆ ಇಟ್ಟು ಒಳಗೆ ಹುಳ ಆಗುತ್ತದೆ. ಉದುರಿದ ಹಣ್ಣನ್ನು ಅಲ್ಲೇ ಬಿಡಬೇಡಿ, ದಿನಾ ಆರಿಸಿ ಆಳಕ್ಕೆ ಹೂಳಿ. ಚಳಿಗಾಲದ ಹಣ್ಣು ಒಳ್ಳೆಯದಿರುತ್ತದೆ.

ಹಂದರದ ತೊಂಡೆ, ಹೊಸದುರ್ಗ

ಅಕ್ಕಾ, ಜೂನ್ ಮೊದಲ ವಾರ ನಾನು ಆಸ್ಪತ್ರೆ ಕೆಲಸಕ್ಕೆ ದುರ್ಗಕ್ಕೆ ಬರುವುದಿದೆ. ನಮ್ಮ ಬಳ್ಳಿಯ ತುಂಡುಗಳನ್ನು ಬೆಳಗ್ಗೆ ಕತ್ತರಿಸಿ, ಒದ್ದೆ ಗೋಣಿ ತಾಟಿನಲ್ಲಿ ಸುತ್ತಿ ತರುತ್ತೇನೆ. ನಿಮ್ಮ ಅಂಚೆ ಕಚೇರಿಯ ಕೌಂಟರಿಗೇ ಕೊಟ್ಟುಹೋಗಲಾ? ಅಷ್ಟರಲ್ಲಿ ಪೈಪು ನೆಡಿಸಿ ಕಾಂಕ್ರೀಟ್ ಹಾಕಿಸಿರಿ, ಬಳ್ಳಿ ಹಾಕಿದ ಮೇಲೆ ಬುಡ ಅಗೆಯುವ ಹಾಗಿಲ್ಲ. ತುಂಡು ತಂದ ದಿನವೇ ಸಂಜೆ ಹಾಕಬೇಕು, ಮಾರನೆ ದಿನಕ್ಕೆ ಇಟ್ಟುಕೊಳ್ಳಬೇಡಿ.

ಕೆಳಗೋಟೆ ಹಿತ್ತಲು, ಚಿತ್ರದುರ್ಗ

ಕೌಂಟರಿಗೇ ಬನ್ನಿ, ಖಂಡಿತ. ಹನ್ನೊಂದರ ಮೇಲೆ ಬಂದರೆ ಜನ ಸ್ವಲ್ಪ ಕಡಿಮೆ ಇರುತ್ತಾರೆ, ಎರಡು ಮಾತಾಡಬಹುದು. ಬರುವಾಗ ಊಟದ ಯೋಚನೆ ಬೇಡ, ನನ್ನ ಡಬ್ಬಿಯಲ್ಲಿ ಇಬ್ಬರಿಗೂ ಆಗುವಷ್ಟು ತರುತ್ತೇನೆ. ಪೈಪಿನವರಿಗೆ ನಾಳೆಯೇ ಹೇಳುತ್ತೇನೆ.